ಗುಜರಿ ಪೈಪು: ಇವತ್ತು ಗಟ್ಟಿ, ನಾಳೆ?

2019ರಲ್ಲಿ ಜಲ ಜೀವನ್ ಮಿಷನ್ ಶುರುವಾದ ಮೇಲೆ ಹಳ್ಳಿ ಹಳ್ಳಿಗೂ ಕಪ್ಪು ಪಾಲಿಥೀನ್ ಪೈಪು ಹೊಕ್ಕಿದೆ. ಅಂಗಡಿಗಳಲ್ಲಿ ಅದರ ಪಕ್ಕದಲ್ಲೇ ಅಗ್ಗದ ಇನ್ನೊಂದು ಕಪ್ಪು ಸುರುಳಿ ಕೂತಿರುತ್ತೆ. ಇದು ಗುಜರಿ ಡಬ್ಬ, ಬಾಟಲಿ, ಕೊಡ ಕರಗಿಸಿ ಎಳೆದ ಮಾಲು. ಕಣ್ಣಿಗೆ ಎರಡೂ ಒಂದೇ.

ತಮಾಷೆಯೆಂದರೆ, ಕೊಂಡ ದಿನ ಎಳೆದು ನೋಡಿದರೂ ಬಲದಲ್ಲಿ ಅಂಥ ಅಂತರ ಕಾಣದು. ನೀರು ಬಿಟ್ಟರೂ ತಡೆದೀತು. ಮೋಸ ಇರೋದು ಒಳಗೆ. ಗುಜರಿ ಮಾಲಿನಲ್ಲಿ ಮಣ್ಣು, ಲೇಬಲ್ ಚೂರು, ಬೇರೆ ಜಾತಿಯ ಪ್ಲಾಸ್ಟಿಕ್ ಸೇರಿಕೊಂಡಿರುತ್ತೆ. ಹಗಲೂ ರಾತ್ರಿ ಒತ್ತಡ ತಿನ್ನುವ ಪೈಪಿನಲ್ಲಿ ಅಂಥ ಕಣದ ಬಳಿ ಕೂದಲೆಳೆಯಷ್ಟು ಬಿರುಕು ಹುಟ್ಟಿ, ತಿಂಗಳು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತೆ. ಬಾಟಲಿಗೆಂದು ಮಾಡಿದ ಪಾಲಿಥೀನಿಗೆ ಇದನ್ನು ತಡೆಯುವ ಶಕ್ತಿ ಮೊದಲೇ ಕಮ್ಮಿ. 50 ವರ್ಷದ ಲೆಕ್ಕ ಹಾಕಿ ಹೂಳುವ ಕಡೆ ಇಂಥದ್ದು ಸೀಳಿದರೆ, ರಸ್ತೆ ಅಗೆಯುವ ಖರ್ಚಿನ ಮುಂದೆ ಉಳಿಸಿದ ದುಡ್ಡು ಯಾವ ಮೂಲೆಗೆ?

ಕುಡಿಯುವ ನೀರಿನ ಪೈಪಿಗೆ ಐಎಸ್ 4984 ಎಂಬ ಮಾನದಂಡವಿದೆ. ಕಾರ್ಖಾನೆಯ ತನ್ನದೇ ಶುದ್ಧ ಚೂರು ಬಿಟ್ಟರೆ ಹೊರಗಿನ ಗುಜರಿಗೆ ಅದರಲ್ಲಿ ಜಾಗವಿಲ್ಲ. ಐಎಸ್‌ಐ ಗುರುತು, ಈ ಸಂಖ್ಯೆ ಎರಡೂ ಪೈಪಿನ ಮೈಮೇಲೆ ಅಚ್ಚಾಗಿರಬೇಕು.

ಹಾಗಂತ ಗುಜರಿ ಪೈಪು ದಂಡವಲ್ಲ. ಒತ್ತಡವಿಲ್ಲದ ಬಚ್ಚಲ ನೀರು ಸಾಗಿಸಲು, ವೈರು ತೂರಿಸಲು ಧಾರಾಳ ಸಾಕು. ನಲ್ಲಿಗೆ ಪೈಪು ಕೇಳಿದ ಗಿರಾಕಿಗೆ ‘ಅದೂ ಇದೂ ಒಂದೇ ಸ್ವಾಮಿ’ ಎನ್ನುವ ಅಂಗಡಿಯವರು, ಯಾವ ಮಾಲು ಅಂತ ಬಿಲ್ಲಿನಲ್ಲೇ ಬರೆದುಕೊಡಲಿ.