ನಕಾಶೆಗೂ ಬಾಯಿ ಬರಲಿ

ಹುಮನಾಬಾದ್ ತಾಲೂಕಿನ ದುಬಲಗುಂಡಿ ಕರಾವಳಿಯ ಓದುಗರಿಗೆ ಅಷ್ಟಾಗಿ ಪರಿಚಯವಿರುವ ಹೆಸರಲ್ಲ. ಆದರೆ ಬೀದರ್ ಸೀಮೆ ನಮಗೆ ತೀರಾ ದೂರದ್ದೂ ಅಲ್ಲ. 2005ರಲ್ಲಿ ಕಲಬುರಗಿ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಅದರ ಪ್ರಥಮ ಧರ್ಮಾಧ್ಯಕ್ಷರಾದವರು ಕರಾವಳಿ ಮೂಲದ ಬಿಷಪ್ ರಾಬರ್ಟ್ ಮಿರಾಂದ. ನಮ್ಮ ಕಡೆಯ ಧರ್ಮಗುರುಗಳೂ ಧರ್ಮಭಗಿನಿಯರೂ ಆ ಭಾಗದಲ್ಲಿ ಸೇವೆ ಸಲ್ಲಿಸುತ್ತ ಬಂದಿದ್ದಾರೆ. ಆದ್ದರಿಂದ ಆ ಊರನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆ ಕೇಳೋಣ.

ದುಬಲಗುಂಡಿಯ ಒಬ್ಬ ದೃಷ್ಟಿಹೀನ ಯುವಕ ಅಂಗವಿಕಲತೆಯ ಪ್ರಮಾಣಪತ್ರಕ್ಕಾಗಿ ಬೀದರಿನ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾಗಿದೆ ಎಂದು ಭಾವಿಸಿ. ಅವನ ಕೈಯಲ್ಲಿ ಮೊಬೈಲು ಇದೆ. ತೆರೆಯ ಮೇಲಿನ ಅಕ್ಷರಗಳನ್ನು ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶವೂ ಅದರಲ್ಲಿದೆ. ಬಂದ ಸಂದೇಶವನ್ನು ಅವನು ತಾನೇ ಕೇಳಿಸಿಕೊಳ್ಳುತ್ತಾನೆ, ಉತ್ತರವನ್ನೂ ಬರೆಯುತ್ತಾನೆ. ಆದರೆ ಬಸ್ಸಿನಿಂದ ಇಳಿದ ಮೇಲೆ ಆಸ್ಪತ್ರೆಯ ಬಾಗಿಲು ಎಲ್ಲಿದೆ? ರಸ್ತೆಯ ಯಾವ ಬದಿಗೆ? ನಕಾಶೆ ತೆರೆದು ಅದರ ಮೇಲೆ ಬೆರಳಾಡಿಸಿದರೆ ಹೆಚ್ಚಿನ ಕಡೆ ಮೌನವೇ ಉತ್ತರ. ಕೊನೆಗೆ ಯಾರದೋ ಕೈ ಹಿಡಿಯಲೇಬೇಕು.

ನಕಾಶೆ ಏಕೆ ಮಾತನಾಡುವುದಿಲ್ಲ?

ಕಾರಣ ಸರಳವಾಗಿದೆ. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್, ಐಫೋನಿನ ವಾಯ್ಸ್‌ಓವರ್, ಗಣಕಯಂತ್ರಕ್ಕೆ ಉಚಿತವಾಗಿ ಸಿಗುವ ಎನ್‌ವಿಡಿಎ ಇವೆಲ್ಲ ಅಕ್ಷರವನ್ನು ಧ್ವನಿಯಾಗಿಸುವ ತಂತ್ರಾಂಶಗಳು. ನಕಾಶೆಯಾದರೋ ಚಿತ್ರ. ಬಣ್ಣದ ಗೆರೆ ರಸ್ತೆ, ನೀಲಿ ಚುಕ್ಕೆ ಕೆರೆ, ಕೆಂಪು ಗುರುತು ಆಸ್ಪತ್ರೆ ಎಂಬುದು ಕಣ್ಣಿಗೆ ತಿಳಿಯುತ್ತದೆ. ಚಿತ್ರದ ಹಿಂದೆ ಅಕ್ಷರದಲ್ಲಿ ವಿವರಣೆ ಬರೆದಿಲ್ಲವಾದರೆ ಓದುವ ತಂತ್ರಾಂಶಕ್ಕೆ ಅಲ್ಲಿ ಏನೂ ಇಲ್ಲ.

ಸ್ಥಳದ ಹೆಸರು ಹೇಳಿ ದಾರಿ ಕೇಳಿದರೆ ಇಂದಿನ ಮೊಬೈಲು ತಿರುವುಗಳನ್ನು ಹೇಳುತ್ತದೆ ಎಂಬುದು ನಿಜ. ಆದರೆ ಆ ಮಾತು ಬಹುಮಟ್ಟಿಗೆ ವಾಹನ ಚಾಲಕರಿಗಾಗಿ ರೂಪಿಸಿದ್ದು. ಇನ್ನೂರು ಮೀಟರು ಹೋಗಿ ಎಡಕ್ಕೆ ತಿರುಗಿ ಎಂದರೆ ಕಣ್ಣಿರುವವನಿಗೆ ಸಾಕು. ಬಿಳಿ ಕೋಲು ಹಿಡಿದು ನಡೆಯುವವನಿಗೆ ರಸ್ತೆ ದಾಟಬೇಕೇ, ಮುಂದೆ ದೊಡ್ಡ ಕೂಡುರಸ್ತೆ ಇದೆಯೇ, ಗೇಟು ಯಾವ ಕಡೆ ಎಂಬುದು ಮುಖ್ಯ.

ಜಗತ್ತಿನ ಪ್ರಯತ್ನಗಳು

ಪ್ರಯತ್ನ ನಡೆದಿಲ್ಲ ಎನ್ನಲಾಗದು. 2017ರಲ್ಲಿ ಕೋಲ್ಕತ್ತದ ರಾಷ್ಟ್ರೀಯ ಅಟ್ಲಾಸ್ ಸಂಸ್ಥೆ ಬೆರಳಿನಿಂದ ಮುಟ್ಟಿ ಓದುವ ಭಾರತದ ಬ್ರೈಲ್ ಅಟ್ಲಾಸನ್ನು ಹೊರತಂದಿತು. 2018ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಸೌಂಡ್‌ಸ್ಕೇಪ್ ಎಂಬ ತಂತ್ರಾಂಶವನ್ನು ನೀಡಿತು. ನಡೆಯುತ್ತಿರುವಾಗ ಎಡಬಲದ ಅಂಗಡಿ, ಅಡ್ಡರಸ್ತೆಗಳ ಹೆಸರು ಆಯಾ ದಿಕ್ಕಿನಿಂದಲೇ ಕಿವಿಗೆ ಕೇಳಿಸುವ ವ್ಯವಸ್ಥೆ ಅದು. 2019ರಲ್ಲಿ ಗೂಗಲ್ ಕಾಲ್ನಡಿಗೆಯ ದೃಷ್ಟಿಹೀನರಿಗಾಗಿ ವಿವರವಾದ ಧ್ವನಿ ಮಾರ್ಗದರ್ಶನ ಆರಂಭಿಸಿತು. ಆರಂಭವಾದದ್ದು ಅಮೆರಿಕದಲ್ಲಿ ಇಂಗ್ಲಿಷಿನಲ್ಲಿ, ಜಪಾನಿನಲ್ಲಿ ಜಪಾನಿ ಭಾಷೆಯಲ್ಲಿ. ಕನ್ನಡದ ಸರದಿ ಯಾವಾಗಲೂ ಹಿಂದೆಯೇ.

ಇಲ್ಲಿ ಒಂದು ಪಾಠವೂ ಇದೆ. 2023ರಲ್ಲಿ ಮೈಕ್ರೋಸಾಫ್ಟ್ ಸೌಂಡ್‌ಸ್ಕೇಪನ್ನು ನಿಲ್ಲಿಸಿತು. ಅದರ ಮೂಲ ಸಂಕೇತವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟದ್ದರಿಂದ ಬೇರೆಯವರು ಆ ಕೆಲಸವನ್ನು ಮುಂದುವರಿಸಿದರು. ಕಂಪನಿಯ ಔದಾರ್ಯವನ್ನು ಮಾತ್ರ ನಂಬಿದರೆ ಆ ಔದಾರ್ಯ ಮುಗಿದ ದಿನ ದಾರಿಯೂ ಮುಗಿಯುತ್ತದೆ.

ಹಳ್ಳಿಯ ಹೆಸರೇ ಇಲ್ಲದಿದ್ದರೆ?

ತಂತ್ರಾಂಶ ಎಷ್ಟೇ ಜಾಣವಾಗಿದ್ದರೂ ನಕಾಶೆಯಲ್ಲಿ ಬರೆಯದಿರುವುದನ್ನು ಅದು ಓದಲಾರದು. ಬೆಂಗಳೂರಿನ ಒಂದು ಬೀದಿಯ ಪ್ರತಿ ಅಂಗಡಿಯೂ ದಾಖಲಾಗಿರಬಹುದು. ಹಳ್ಳಿಯಲ್ಲಿ ಹೆದ್ದಾರಿ ಇದೆ, ಊರಿನ ಹೆಸರಿದೆ, ನಡುವಿನ ಓಣಿಗಳಿಗೆ ಹೆಸರಿಲ್ಲ. ಇರುವ ಹೆಸರೂ ಇಂಗ್ಲಿಷಿನಲ್ಲಿದ್ದರೆ ಇನ್ನೊಂದು ತೊಡಕು. ಹುಮನಾಬಾದನ್ನು ಇಂಗ್ಲಿಷಿನಲ್ಲಿ ಕೆಲವರು 'ಹು' ಎಂದು, ಕೆಲವರು 'ಹೊ' ಎಂದು ಆರಂಭಿಸಿ ಬರೆಯುತ್ತಾರೆ. ಕಣ್ಣಿಗೆ ಇದು ಸಣ್ಣ ವ್ಯತ್ಯಾಸ. ಕಿವಿಯನ್ನೇ ನಂಬಿದವನಿಗೆ ಬೇರೆಯೇ ಊರು. ಕನ್ನಡ, ಮರಾಠಿ, ಉರ್ದು, ತೆಲುಗು ಬೆರೆತಿರುವ ಈ ಗಡಿನಾಡಿನಲ್ಲಿ ಊರಿನ ಹೆಸರು ಊರಿನವರ ಬಾಯಲ್ಲಿರುವಂತೆಯೇ ದಾಖಲಾಗುವುದು ಅಗತ್ಯ.

ಇದಕ್ಕೆ ಕಂಪನಿಯ ಅಪ್ಪಣೆ ಬೇಕಾಗಿಲ್ಲ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕಾಶೆಯಲ್ಲಿ ಯಾರು ಬೇಕಾದರೂ ಸ್ಥಳದ ಹೆಸರನ್ನು ಕನ್ನಡದಲ್ಲಿಯೇ ಸೇರಿಸಬಹುದು. ಸೌಂಡ್‌ಸ್ಕೇಪ್ ಮಾತನಾಡುತ್ತಿದ್ದದ್ದೂ ಇದೇ ನಕಾಶೆಯನ್ನು ಆಧರಿಸಿ.

ದಯೆಯಲ್ಲ, ಹಕ್ಕು

2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿ ವಿಕಲಚೇತನರ ಸಂಖ್ಯೆ 50 ಲಕ್ಷಕ್ಕೂ ಹೆಚ್ಚು. ಕರ್ನಾಟಕದಲ್ಲಿ ಸುಮಾರು 2.64 ಲಕ್ಷ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ವಿದ್ಯುನ್ಮಾನ ಮಾಹಿತಿ ಇವರಿಗೂ ಎಟುಕುವಂತಿರಬೇಕು ಎನ್ನುತ್ತದೆ. ಆದರೆ ನಿಯಮಗಳು ಬಹುಮಟ್ಟಿಗೆ ಸಲಹೆಯ ರೂಪದಲ್ಲೇ ಉಳಿದಿದ್ದವು. ಸ್ವತಃ ದೃಷ್ಟಿದೋಷವಿರುವ ರಾಜೀವ್ ರತೂರಿ ಅವರು 2005ರಲ್ಲಿ ಸಲ್ಲಿಸಿದ್ದ ಅರ್ಜಿಯ ಮೇಲೆ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿ, ಸಲಹೆ ಸಾಲದು, ಕಡ್ಡಾಯ ನಿಯಮಗಳನ್ನೇ ರೂಪಿಸಬೇಕು ಎಂದು ಕೇಂದ್ರಕ್ಕೆ ಆದೇಶಿಸಿತು. 2025ರ ಏಪ್ರಿಲ್ 30ರಂದು ಇನ್ನೊಂದು ತೀರ್ಪಿನಲ್ಲಿ, ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದು ಸಾರಿತು. ಒಂದು ಅರ್ಜಿಗೆ ಹತ್ತೊಂಬತ್ತು ವರ್ಷ! ತಾಳ್ಮೆಯ ಪಾಠವನ್ನು ಇವರಿಗೆ ನಾವು ಹೇಳಬೇಕಾಗಿಲ್ಲ.

ಮೊದಲು ರಸ್ತೆಯ ಗುಂಡಿ ಮುಚ್ಚಲಿ, ಆಮೇಲೆ ನಕಾಶೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಉಪಗ್ರಹದ ಲೆಕ್ಕ ಕೆಲವು ಮೀಟರು ತಪ್ಪಬಹುದು. ತೆರೆದ ಚರಂಡಿಯನ್ನು ಮೊಬೈಲು ತೋರಿಸದು. ಬಿಳಿ ಕೋಲಿನ ಕೆಲಸ ಬಿಳಿ ಕೋಲೇ ಮಾಡಬೇಕು. ಆದರೆ ರಸ್ತೆಗೆ ಕೋಟಿ ರೂಪಾಯಿ ಬೇಕು, ದಾರಿಯನ್ನು ಮಾತಿನಲ್ಲಿ ಬರೆದಿಡಲು ಒಂದು ಮಧ್ಯಾಹ್ನ ಸಾಕು. ಒಂದಕ್ಕಾಗಿ ಇನ್ನೊಂದನ್ನು ಕಾಯಿಸುವುದೇಕೆ?

ನಾವೇನು ಮಾಡಬಹುದು?

ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ವಿಕಲಚೇತನರೇ. ದುಬಲಗುಂಡಿಯಂಥ ಊರಿನಲ್ಲಿ ಇಂಥ ಕಾರ್ಯಕರ್ತರು, ಶಾಲೆಯ ಮಕ್ಕಳು ಮತ್ತು ಊರಿನ ದೃಷ್ಟಿಹೀನರು ಒಟ್ಟಾಗಿ ಬಸ್ ನಿಲ್ದಾಣದಿಂದ ಪಂಚಾಯತಿ, ಅಂಚೆ, ಆಸ್ಪತ್ರೆಗಳಿಗೆ ನಡೆದು ದಾರಿಯನ್ನು ಕನ್ನಡದಲ್ಲಿ ಬರೆದು ನಕಾಶೆಗೆ ಸೇರಿಸಲಿ. ಸರ್ಕಾರಿ ಕಚೇರಿಗಳು ತಮ್ಮ ಜಾಲತಾಣದ ನಕಾಶೆಯ ಕೆಳಗೆ ನಾಲ್ಕು ಸಾಲು ದಾರಿ ಬರೆಯಲಿ.

ಚರ್ಚುಗಳೂ ಇದಕ್ಕೆ ಹೊರತಲ್ಲ. ನಮ್ಮ ಅನೇಕ ಜಾಲತಾಣಗಳಲ್ಲಿ ಚರ್ಚಿನ ಸುಂದರ ಛಾಯಾಚಿತ್ರವಿದೆ, ನಕಾಶೆಯ ಮೇಲೊಂದು ಗುರುತೂ ಇದೆ. ಬಸ್ಸಿಳಿದು ಎಷ್ಟು ಹೆಜ್ಜೆ, ಮೆಟ್ಟಿಲು ಎಷ್ಟು, ಬಾಗಿಲು ಯಾವ ದಿಕ್ಕಿಗೆ ಎಂಬ ಮಾತಿಲ್ಲ. ಈ ಬರಹವನ್ನು ಪ್ರಕಟಿಸುವ ನಾವೂ ಈ ತಪ್ಪಿನಲ್ಲಿ ಪಾಲುದಾರರು. ತಿದ್ದಿಕೊಳ್ಳುವ ಕೆಲಸ ನಮ್ಮಿಂದಲೇ ಆರಂಭವಾಗಲಿ.

ಕುರುಡನಿಗೆ ದಾರಿ ತಪ್ಪಿಸುವವನನ್ನು ಮೋಶೆಯ ಧರ್ಮಶಾಸ್ತ್ರ ಶಾಪಗ್ರಸ್ತನೆಂದು ಕರೆಯುತ್ತದೆ. ದಾರಿಯನ್ನು ಹೇಳದೆ ಸುಮ್ಮನಿರುವವರು ನಾವು. ಜೆರಿಕೊ ಪಟ್ಟಣದ ದಾರಿ ಬದಿಯಲ್ಲಿ ಕುಳಿತಿದ್ದ ಬಾರ್ತಿಮಾಯ ಕೂಗಿದಾಗ ಸುತ್ತಲಿನವರು ಅವನನ್ನು ಗದರಿಸಿ ಸುಮ್ಮನಿರಿಸಲು ನೋಡಿದರು. ಯೇಸುಸ್ವಾಮಿಯಾದರೋ ನಿಂತರು, ಅವನನ್ನು ಕರೆಸಿದರು, ಅವನಿಗೆ ಬೇಕಾದುದೇನೆಂದು ಅವನನ್ನೇ ಕೇಳಿದರು. ನಕಾಶೆ ತಯಾರಿಸುವವರೂ ಪಂಚಾಯತಿಯವರೂ ಚರ್ಚಿನವರಾದ ನಾವೂ ಮೊದಲು ಮಾಡಬೇಕಾದುದು ಅಷ್ಟೇ: ನಿಲ್ಲುವುದು ಮತ್ತು ಕೇಳುವುದು. ದೃಷ್ಟಿ ಬಂದ ಬಾರ್ತಿಮಾಯ ದಾರಿ ಬದಿಯಿಂದ ಎದ್ದು ಅದೇ ದಾರಿಯಲ್ಲಿ ನಡೆದನೆಂದು ಮಾರ್ಕನು ಬರೆದಿದ್ದಾನೆ. ಕಣ್ಣು ಕೊಡುವ ಶಕ್ತಿ ನಮಗಿಲ್ಲ. ದಾರಿ ಹೇಳುವ ಮಾತಂತೂ ನಮ್ಮಲ್ಲಿದೆ.