ಮನೆವಾರ್ತೆ: ಪಡಿಯ ಲೆಕ್ಕವೂ ಗಡಿಗೆಯ ಲೆಕ್ಕವೂ

ಗೃಹಸ್ಥನಾದವನು ಯುಗಾದಿಯ ಹಿಂದುಮುಂದಿನಲ್ಲಿ ಹಳೆಯ ಜಮಾಖರ್ಚಿನ ಪುಸ್ತಕವನ್ನು ತೆರೆದು ನೋಡುವುದುಂಟು. ಕಣಜಕ್ಕೆ ಎಷ್ಟು ರಾಗಿ ಬಂದಿತು, ಅದು ಎಷ್ಟು ತಿಂಗಳಿಗೆ ಸಾಕಾಯಿತು, ಎಂದು ಸಾಲ ಮಾಡಬೇಕಾಯಿತು ಎಂಬುದೆಲ್ಲವೂ ಅಲ್ಲಿ ತಿಳಿಯುವುದು. ಒಂದು ತಿಂಗಳಿನ ಲೆಕ್ಕದಿಂದ ಸಂಸಾರದ ಸ್ಥಿತಿ ಗೊತ್ತಾಗದು. ಹತ್ತು ವರ್ಷಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರೆ ಮನೆಯು ಏಳುತ್ತಿರುವುದೋ ಇಳಿಯುತ್ತಿರುವುದೋ ಎಂಬುದು ತಾನಾಗಿ ಗೋಚರವಾಗುವುದು. ಮನೆಗೆ ಹೇಗೋ ರಾಜ್ಯಕ್ಕೂ ಹಾಗೆಯೇ. ಸರಕಾರದವರು ಬಡವರಿಗೆ ಧಾನ್ಯವನ್ನು ಕೊಡುತ್ತಿರುವರು. ಅದರಿಂದ ಮನೆಗಳಿಗೆ ಉಂಟಾದ ಒಳಿತನ್ನು ವರ್ಷವರ್ಷವೂ ಬರೆದಿಡುವವರು ಯಾರು?

ಹಾಸನದ ಸೀಮೆಯನ್ನೇ ತೆಗೆದುಕೊಳ್ಳಿರಿ. ಚನ್ನರಾಯಪಟ್ಟಣದ ಹೊಲಗಳಲ್ಲಿ ರಾಗಿಯೂ ತೆಂಗೂ, ಹೊಳೆನರಸೀಪುರದಲ್ಲಿ ಹೇಮಾವತಿಯ ನೀರು ಹರಿಯುವ ಗದ್ದೆಗಳಲ್ಲಿ ಭತ್ತವೂ, ಅರಕಲಗೂಡಿನಲ್ಲಿ ಹೊಗೆಸೊಪ್ಪೂ, ಹಾಸನದ ಸುತ್ತ ಆಲೂಗೆಡ್ಡೆಯೂ ಬೆಳೆಯುವುವು. ಬೆಳೆ ಬೇರೆಯಾದರೂ ಬಹುಜನರ ಊಟ ಮುದ್ದೆಯೇ. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಬಂದು, ಆದ್ಯತೆಯ ಕುಟುಂಬಗಳಲ್ಲಿ ತಲೆಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯದ ಕುಟುಂಬಕ್ಕೆ 35 ಕಿಲೋ ಧಾನ್ಯವು ಹಕ್ಕಾಯಿತು. ಅದೇ ವರ್ಷದ ಜುಲೈಯಲ್ಲಿ ನಮ್ಮ ರಾಜ್ಯದ ಅನ್ನಭಾಗ್ಯವೂ ಆರಂಭವಾಯಿತು. ಹಸಿದವನಿಗೆ ಅನ್ನ ದೊರೆತುದು ಪುಣ್ಯದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೇಲ್ಪಟ್ಟು ಸುಣ್ಣದ ಅಂಶವಿದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿಲಿಗ್ರಾಂ ಮಾತ್ರ. ಪಡಿಯ ಅಕ್ಕಿ ಬಂದ ಮೇಲೆ ತಟ್ಟೆಯ ಮುದ್ದೆ ಚಿಕ್ಕದಾಯಿತೇ? ಇಲ್ಲವೆ, ಅಕ್ಕಿಗೆ ಕೊಡಬೇಕಾಗಿದ್ದ ಹಣ ಉಳಿದು ಮಕ್ಕಳಿಗೆ ಹಾಲೂ ಬೇಳೆಯೂ ದೊರೆತುವೇ?

ಪಡಿತರದ ಅಂಗಡಿಯ ಲೆಕ್ಕ ಇದಕ್ಕೆ ಉತ್ತರ ಕೊಡಲಾರದು. ಹೆಬ್ಬೆಟ್ಟನ್ನು ಯಂತ್ರದ ಮೇಲಿಟ್ಟೊಡನೆ ಯಾವ ಚೀಟಿಗೆ, ಯಾವ ತಿಂಗಳು, ಎಷ್ಟು ಕಿಲೋ ಎಂಬುದು ದಾಖಲಾಗುವುದು. ಅದು ಅಂಗಡಿಯ ಬಾಗಿಲು ದಾಟಿದ ಧಾನ್ಯದ ಲೆಕ್ಕವೇ ಹೊರತು ಗಡಿಗೆಯಲ್ಲಿ ಬೆಂದುದರ ಲೆಕ್ಕವಲ್ಲ. 2023ರ ಜುಲೈಯಿಂದ ನಮ್ಮ ಸರಕಾರವು ಹೆಚ್ಚುವರಿ 5 ಕಿಲೋ ಅಕ್ಕಿಗೆ ಬದಲಾಗಿ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಿತು. 2025ರ ಫೆಬ್ರವರಿಯಿಂದ ಹಣವನ್ನು ಬಿಟ್ಟು ಮರಳಿ ಅಕ್ಕಿಯನ್ನೇ ಕೊಡಲಾಯಿತು. ಹಣ ಮೇಲೋ ಅಕ್ಕಿ ಮೇಲೋ ಎಂದು ಜಗುಲಿಯ ಮೇಲೆ ವಾದ ನಡೆಯುವುದು. ಮೊದಲು, ನಡುವೆ, ಆಮೇಲೆ, ಹೀಗೆ ಮೂರು ಬಾರಿಯೂ ಅದೇ ಮನೆಗಳ ಊಟವನ್ನು ಬರೆದಿಟ್ಟಿದ್ದರಲ್ಲದೆ ಆ ವಾದವು ತೀರುವಂತಹುದಲ್ಲ.

ದೊಡ್ಡ ಸಮೀಕ್ಷೆಗಳು ನಡೆಯುವುದಿಲ್ಲವೆಂದಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆಯ ವೆಚ್ಚವನ್ನು ವಿಚಾರಿಸುವರು. ಆದರೆ ಸುತ್ತು ಸುತ್ತಿಗೂ ಮನೆಗಳು ಬೇರೆ. ಇದಲ್ಲದೆ 2017-18ರ ಫಲಿತವನ್ನು ಸರಕಾರವು ಹೊರಡಿಸಲೇ ಇಲ್ಲವಾಗಿ, 2011-12ಕ್ಕೂ 2022-23ಕ್ಕೂ ನಡುವಣ ಪುಟ ಬರಿದಾಗಿ ಉಳಿಯಿತು. ಅನ್ನಭಾಗ್ಯವು ಬೇರೂರಿದ ವರ್ಷಗಳೇ ಅವು! 1972ರಲ್ಲಿ ಹೈದರಾಬಾದಿನ ಪೋಷಣಾ ಸಂಸ್ಥೆಯಲ್ಲಿ ನೆಲೆಗೊಂಡ ರಾಷ್ಟ್ರೀಯ ಪೋಷಣಾ ನಿರೀಕ್ಷಣಾ ಕಾರ್ಯಾಲಯವು ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಹಳ್ಳಿಗಳಲ್ಲಿ ಜನರ ಆಹಾರವನ್ನು ಅಳೆದು ಬರೆಯುತ್ತಿದ್ದಿತು. 1975-79ರಲ್ಲಿ ಕಂಡ ಹಳ್ಳಿಗಳಿಗೇ 1996-97ರಲ್ಲಿ ಮರಳಿ ಹೋಗಿ ನೋಡಿದ್ದಿತು. 2015ರಲ್ಲಿ ಅದನ್ನು ಮುಚ್ಚಿಬಿಟ್ಟರು. ನಲವತ್ತು ವರ್ಷ ಬರೆದ ಪುಸ್ತಕವನ್ನು ಕಟ್ಟಿ ಅಟ್ಟಕ್ಕೆ ಹಾಕಿದಂತಾಯಿತು.

ಬರೆದಿಟ್ಟುದರ ಫಲವೇನೆಂದು ಕೇಳುವವರಿಗೆ ಮೈಸೂರಿನ ದೃಷ್ಟಾಂತವುಂಟು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕವನ್ನೂ ಉದ್ದವನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ದಶಕಗಳು ಕಳೆದ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, 1934ರಿಂದ 1954ರ ವರೆಗೆ ಅಲ್ಲಿ ಜನಿಸಿದ 517 ಜನರನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ಫಲವನ್ನು ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿದ್ದರೆ, ಮೂರು ಕಿಲೋಗೆ ಮೇಲ್ಪಟ್ಟು ಚೆನ್ನಾಗಿ ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಗರ್ಭಿಣಿಯ ತಟ್ಟೆಗೂ ಐವತ್ತು ವರ್ಷಗಳ ಮೇಲಣ ಹೃದಯಕ್ಕೂ ಸಂಬಂಧವಿರುವಂತೆ ಇದರಿಂದ ತೋರಿತು. ದಾದಿಯರು ಅಂದು ಆಲಸ್ಯ ಮಾಡಿದ್ದರೆ ಈ ಜ್ಞಾನವೆಲ್ಲಿ?

ಅಮೆರಿಕದಲ್ಲಿಯೂ ಮಿಷಿಗನ್ ವಿಶ್ವವಿದ್ಯಾನಿಲಯದವರು 1968ರಲ್ಲಿ ಸುಮಾರು 5,000 ಕುಟುಂಬಗಳನ್ನು ಆರಿಸಿ, ಆ ಮನೆಗಳನ್ನೂ ಅವುಗಳಿಂದ ಬೇರೆಯಾದ ಮಕ್ಕಳ ಮನೆಗಳನ್ನೂ ತಲೆಮಾರುಗಳಿಂದ ವಿಚಾರಿಸುತ್ತ ಬಂದಿರುವರು. ಸರಕಾರದಿಂದ ಆಹಾರದ ಸಹಾಯ ಪಡೆದಿರೇ ಎಂಬುದೂ ಅವರ ಪ್ರಶ್ನೆಗಳಲ್ಲಿ ಒಂದು. ಇಂತಹ ಕೆಲಸವನ್ನು ಲಾಭದ ವ್ಯಾಪಾರಿ ಮಾಡಲಾರನು. ಸರಕಾರದ ಸಹಾಯಧನವೇ ಅದಕ್ಕೆ ಆಧಾರ. ಮೂರು ವರ್ಷ ಕೊಟ್ಟು ನಾಲ್ಕನೆಯ ವರ್ಷ ನಿಲ್ಲಿಸುವ ಧನದಿಂದ ಪ್ರಯೋಜನವಿಲ್ಲ. ತೆಂಗಿನ ಸಸಿಗೆ ನೀರೆರೆಯುವಂತೆ ಫಲ ಕಾಣುವ ವರೆಗೂ ಎರೆಯಬೇಕು.

ಆದುದರಿಂದ ನಮ್ಮ ಸೂಚನೆಯಿದು. ಈ ನಾಲ್ಕು ತಾಲ್ಲೂಕುಗಳಂತಹ ಕಡೆಗಳಲ್ಲಿ ನೀರಾವರಿಯ ಊರನ್ನೂ ಬೆದ್ದಲು ಊರನ್ನೂ ಆರಿಸಿ, ಅವೇ ಮನೆಗಳನ್ನು ಹದಿನೈದು ವರ್ಷವಾದರೂ ನೋಡಲು ಸರಕಾರದವರು ಹಣವನ್ನು ಮೀಸಲಿಡಲಿ. ಕೂಲಿಗಾಗಿ ಬೆಂಗಳೂರಿಗೆ ಹೋದ ಸಂಸಾರವನ್ನು ಪಟ್ಟಿಯಿಂದ ಬಿಡದಿರಲಿ; ಹೆಚ್ಚು ಕಷ್ಟ ಅಂತಹವರದೇ. ಎಲ್ಲಕ್ಕಿಂತ ಮುಖ್ಯವಾದುದೊಂದುಂಟು: ಕೇಳಲು ಬಂದವನು ಚೀಟಿಯನ್ನು ಕೀಳುವವನಾಗಕೂಡದು. ಹೇಳಿದ ನಿಜವೇ ಅನ್ನಕ್ಕೆ ಕಲ್ಲಾಗುವುದಾದರೆ ಯಾವ ತಾಯಿಯೂ ನಿಜ ಹೇಳಳು. ಹೆಸರನ್ನು ಮರೆಸಿಟ್ಟು, ಊಟದ ಲೆಕ್ಕವನ್ನು ಸಂಶೋಧಕರ ಕೈಯಲ್ಲಿ ಮಾತ್ರ ಇಡುವುದು ಕಾನೂನಿನಿಂದ ಖಚಿತವಾಗಬೇಕು.

ವಾಚಕರೂ ಮಾಡತಕ್ಕ ಕೆಲಸವೊಂದಿದೆ. ಸಮೀಕ್ಷೆಯವರು ಬಾಗಿಲಿಗೆ ಬಂದಾಗ ಗಂಡಸರೇ ಉತ್ತರ ಕೊಟ್ಟು ಕಳುಹಿಸುವುದು ವಾಡಿಕೆ. ಒಲೆಯ ಮುಂದೆ ಇರುವ ತಾಯಿಯನ್ನು ಕರೆಯಿರಿ. ಕೊನೆಯಲ್ಲಿ ಊಟಕ್ಕೆ ಕುಳಿತವರಿಗೆ ಗಡಿಗೆಯಲ್ಲಿ ಎಷ್ಟು ಉಳಿದಿತ್ತೆಂಬುದು ಆಕೆಗೆ ಮಾತ್ರ ಗೊತ್ತು.