ಚಟ್ನಿಪುಡಿ ಜೊತೆ ಧೈರ್ಯವನ್ನೂ ಕಟ್ಟಿಕೊಡಿ

ಪಿಯುಸಿ ರಿಸಲ್ಟು, ಸಿಇಟಿ ಸೀಟು, ಆಮೇಲೆ ಹಾಸ್ಟೆಲ್ ಹುಡುಕಾಟ. ಪ್ರತಿ ವರ್ಷ ಈ ಗಡಿಬಿಡಿ ಮುಗಿಯುವ ಹೊತ್ತಿಗೆ ಬೆಳಗಾವಿ ಸ್ಟೇಶನ್ನಿನಲ್ಲಿ, ರಾತ್ರಿ ಬೆಂಗಳೂರು ಗಾಡಿಯ ಮುಂದೆ ಅದೇ ನೋಟ. ಹೊಸ ಸೂಟ್‌ಕೇಸು, ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿ, ಕುಂದಾ ಡಬ್ಬಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುವ ತಾಯಿ. ಅಳು ಬಂದರೆ ಅತ್ತುಬಿಡಿ, ಅದರಲ್ಲಿ ನಾಚಿಕೆ ಏನಿದೆ? ಆದರೆ ಗಂಟಿನಲ್ಲಿ ಏನೇನಿದೆ ಎಂದು ಹತ್ತು ಸಲ ನೋಡುವ ನಾವು, ಈ ಹುಡುಗ ಒಮ್ಮೆಯಾದರೂ ತಾನೇ ಬ್ಯಾಂಕಿಗೆ ಹೋಗಿದ್ದಾನೆಯೇ ಎಂದು ಕೇಳಿಕೊಳ್ಳುವುದಿಲ್ಲ.

ನಮ್ಮೂರಿನ ಕಥೆ ಇನ್ನೂ ಮಜಾ. 1916ರಲ್ಲಿ ಶುರುವಾದ ಕೆಎಲ್‌ಇ ಸಂಸ್ಥೆ ಇಲ್ಲಿಯದು, 1998ರಲ್ಲಿ ಬಂದ ವಿಟಿಯು ಇಲ್ಲಿಯದು. ಬೇರೆ ಬೇರೆ ಊರಿನ ಮಕ್ಕಳು ಬಂದು ನಮ್ಮ ಓಣಿಗಳಲ್ಲೇ ರೂಮು ಮಾಡಿಕೊಂಡು ಓದುತ್ತಾರೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರವೂ ಇಲ್ಲೇ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಹದಿನೇಳೂವರೆ ವರ್ಷಕ್ಕೇ ಹುಡುಗರು ಸೈನ್ಯ ಸೇರಬಹುದು. "ಎಷ್ಟ ಸಣ್ಣ ಹುಡುಗ್ರು, ಎಷ್ಟ ಧೈರ್ಯ ನೋಡ್ರಿ ವೈನಿ" ಎಂದು ಮೆಚ್ಚುವ ನಾವೇ, ನಮ್ಮ ಮಗಳು ಪುಣೆಗೆ ಓದಲು ಹೋಗ್ತೀನಿ ಅಂದರೆ "ಇಲ್ಲೇ ಇಷ್ಟ ಕಾಲೇಜ್ ಅದಾವು, ಅಲ್ಲಿಗ್ಯಾಕ ಹೋಗಬೇಕವಾ?" ಅನ್ನುತ್ತೇವೆ. ಮಗನಿಗೆ ಈ ಪ್ರಶ್ನೆ ಬರುವುದೇ ಇಲ್ಲ! ಫೀ ಕಟ್ಟಲು ದುಡ್ಡಿಲ್ಲ ಅಂದರೆ ಮಗಳ ಮುಂದೆ ಲೆಕ್ಕ ಇಟ್ಟು ಹೇಳಿ, ಅವಳಿಗೆ ತಿಳಿಯುತ್ತದೆ. "ಮಂದಿ ಏನಂತಾರ" ಎಂಬುದು ಮಾತ್ರ ಕಾರಣವಲ್ಲ.

ಮನೆ ಬಿಡುವುದು ಈಗಿನ ಕಾಲದ ಹುಚ್ಚೂ ಅಲ್ಲ. ಇಲ್ಲೇ ಹತ್ತಿರದ ಸುಳೇಭಾವಿಯ ಶಿವಪುತ್ರ ಕೊಮಕಳಿ, ಅಂದರೆ ಕುಮಾರ ಗಂಧರ್ವರು, ಇನ್ನೂ ಬಾಲಕರಿದ್ದಾಗಲೇ ಮುಂಬೈಗೆ ದೇವಧರ ಮಾಸ್ತರರ ಬಳಿ ಕಲಿಯಲು ಹೋದರು. ಗದುಗಿನ ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಹುಡುಕಿ ಮನೆಯಿಂದ ಓಡಿಹೋದರು. ಒಬ್ಬರನ್ನು ಮನೆಯವರು ಕಳಿಸಿದರು, ಇನ್ನೊಬ್ಬರು ಹೇಳದೇ ಹೋದರು. ತಾಯಂದಿರ ನಿದ್ದೆಗೆ ಯಾವುದು ಒಳ್ಳೆಯದು, ನೀವೇ ಹೇಳಿ.

ತಯಾರಿ ಪಿಯುಸಿಯಲ್ಲೇ ಶುರುವಾಗಲಿ. ಖಾನಾಪುರದ ಮಾಮಾನ ಮನೆಗೆ ಒಬ್ಬರೇ ಬಸ್ಸಿನಲ್ಲಿ ಹೋಗಿ ಬರಲಿ, ಇಪ್ಪತ್ತೈದು ಕಿ.ಮೀ. ಚಿಲ್ಲರೆ ದಾರಿ ಅಷ್ಟೇ. ವಾರಕ್ಕೊಮ್ಮೆ ಅನ್ನ-ಸಾರು ಅವರೇ ಮಾಡಲಿ, ಮಗನೂ ಕೂಡ. ಉಪ್ಪು ಹೆಚ್ಚಾದರೆ ಸುಮ್ಮನೆ ಉಣ್ಣಿ. ತಿಂಗಳ ಖರ್ಚಿಗೆಂದು ಒಂದಿಷ್ಟು ದುಡ್ಡು ಅವರ ಖಾತೆಗೆ ಹಾಕಿ, ಇಪ್ಪತ್ತನೇ ತಾರೀಖಿಗೇ ಖಾಲಿಯಾದರೆ ತಕ್ಷಣ ಫೋನ್‌ಪೇ ಮಾಡಬೇಡಿ. ಹತ್ತು ದಿನ ಚಹಾ-ಭಜಿ ಬಿಟ್ಟರೆ ಏನೂ ಆಗುವುದಿಲ್ಲ. ಇದೇ ಕಷ್ಟ ಬೆಂಗಳೂರಿನಲ್ಲಿ, ಸಾಲ ಕೊಡುವ ಆ್ಯಪ್‌ಗಳ ನಡುವೆ ಬಂದರೆ ತುಟ್ಟಿಯಾಗುತ್ತದೆ.

ಹೋದ ಮೇಲೆ ಫೋನಿನ ಸಂಕಟ. ತಾಸಿಗೊಮ್ಮೆ "ಎಲ್ಲಿದಿ? ಉಂಡ್ಯಾ?" ಎಂದು ಕೇಳಿದರೆ ಮಕ್ಕಳು ಸುಳ್ಳು ಹೇಳುವುದನ್ನು ಕಲಿಯುತ್ತಾರೆ. ದಿನಕ್ಕೊಂದು ಹೊತ್ತು ಇಬ್ಬರೂ ಕೂಡಿ ಗೊತ್ತುಮಾಡಿಕೊಳ್ಳಿ. 1989ರಿಂದ ಹದಿನೆಂಟಕ್ಕೇ ವೋಟು ಹಾಕುವ ಹಕ್ಕಿದೆ. ಸರಕಾರ ಆರಿಸುವವರು ಯಾವ ಅಂಗಿ ಹಾಕಬೇಕೆಂದು ಆರಿಸಲಾರರೇ?

ಹಾಗಂತ ಕೈಬಿಟ್ಟು ಕೂಡಬೇಡಿ. ದನಿ ಕುಗ್ಗಿದೆ, ಊಟ ಬಿಟ್ಟಿದ್ದಾರೆ, ಕಾಲೇಜಿಗೆ ಹೋಗುತ್ತಿಲ್ಲ ಎಂದು ಅನಿಸಿದರೆ ಅವತ್ತೇ ಗಾಡಿ ಹತ್ತಿ. ರ್‍ಯಾಗಿಂಗ್ ಇದ್ದರೆ 1800-180-5522, ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ 14416. ಎರಡೂ ನಂಬರು ಮಕ್ಕಳ ಮೊಬೈಲಿನಲ್ಲಿರಲಿ, ನಿಮ್ಮದರಲ್ಲೂ ಇರಲಿ.

ದೀಪಾವಳಿಗೆ ಬಂದಾಗ "ಎಷ್ಟ ಸೊರಗೀಯೋ" ಎಂದು ಒಂದು ಸಲ ಅನ್ನಿ, ಸಾಕು. ಹೋಳಿಗೆ ಬಡಿಸಿ. ಮೈಲಿಗೆ ಬಟ್ಟೆಯ ಗಂಟು ತಂದು ನಿಮ್ಮ ಮುಂದಿಟ್ಟರೆ ಮಾತ್ರ, ವಾಷಿಂಗ್ ಮಷಿನ್ ಎಲ್ಲಿದೆ ಎಂದು ತೋರಿಸಿ.